ತೀರ್ಪಿಲ್ಲದ ಗಡೀಪಾರು

ಬೆಳಗಿನ ಬಸ್ಸು ಜೇವರ್ಗಿಯಿಂದ ಇಜೇರಿಗೆ ಹೊತ್ತುತರುವ ವರ್ತಮಾನ ಪತ್ರಿಕೆಯನ್ನು ಹೋಟೆಲಿನ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಕೇಳುವಂತೆ ಓದಿ ಹೇಳುವ ಕೆಲಸವು, ನಾನು ನಿವೃತ್ತನಾಗಿ ಊರಿಗೆ ಮರಳಿದಂದಿನಿಂದ, ಯಾರೂ ನೇಮಿಸದೆಯೇ ನನ್ನ ಪಾಲಿಗೆ ಬಂದಿದೆ. ಕೇಳುವವರಲ್ಲಿ ಮುಖ್ಯರೆಂದರೆ, ತೊಂಬತ್ತನ್ನು ದಾಟಿ ಕಣ್ಣು ಮಂದವಾದರೂ ಕಿವಿ ಮಂದವಾಗದ ನಮ್ಮ ಓಣಿಯ ಮುತ್ಯಾ. 2025ರ ಮೇ ತಿಂಗಳ ಒಂದು ಮುಂಜಾನೆ, ತೊಗರಿಯ ಧಾರಣೆ ಮುಗಿದು ಮಳೆಯ ಮುನ್ಸೂಚನೆಯೂ ಮುಗಿದ ಮೇಲೆ, ಲಂಡನ್ನಿನಲ್ಲಿ ಪಾಠ ಹೇಳುವ ಭಾರತ ಮೂಲದ ಪ್ರಾಧ್ಯಾಪಿಕೆಯೊಬ್ಬರು ಇನ್ನು ಮೇಲೆ ಈ ದೇಶಕ್ಕೆ ಬಾರದಂತೆ ಅವರ ಹಕ್ಕುಪತ್ರವನ್ನು ಕೇಂದ್ರ ಸರ್ಕಾರ ರದ್ದುಗೊಳಿಸಿದ ಸುದ್ದಿಯನ್ನು ಓದಿದೆ.

"ಏನ್ ಮಾಡ್ಯಾಳ ಆಕಿ?" ಎಂದರು ಮುತ್ಯಾ.

"ದೇಶದ ವಿರುದ್ಧ ನಡಕೊಂಡಾಳ ಅಂತಾರ್ರಿ, ಮುತ್ಯಾ."

"ಕೋರ್ಟಿನಾಗ ಏನಾತು?"

"ಕೋರ್ಟಿಗಿ ಒಯ್ದೇ ಇಲ್ರಿ."

ಮುತ್ಯಾ ಎಲೆಗೆ ಸುಣ್ಣ ಸವರುತ್ತ, "ಹಂಗಾರ ಆಕಿಗಿ ಬಿಡುಗಡಿನೂ ಇಲ್ಲ ಬಿಡ್ರಿ, ಮಾಸ್ತರ" ಎಂದರು.

ಕಾನೂನಿನ ಗ್ರಂಥಗಳನ್ನು ಮಗುಚಿ ಹಾಕಿದವರೂ ಇಷ್ಟು ಸಂಕ್ಷೇಪವಾಗಿ ಹೇಳಲಾರರು. ಕಳ್ಳತನದ ಆರೋಪ ಹೊತ್ತವನನ್ನು ನ್ಯಾಯಾಧೀಶನ ಮುಂದೆ ನಿಲ್ಲಿಸಿದರೆ ಅವನಿಗೆ ಶಿಕ್ಷೆಯಾಗುತ್ತದೆ, ಇಲ್ಲವೆ ಬಿಡುಗಡೆಯಾಗುತ್ತದೆ. ಎರಡರಲ್ಲಿ ಯಾವುದಾದರೂ ಆರೋಪಕ್ಕೆ ಒಂದು ಕೊನೆಯುಂಟು. ಆದರೆ ಯಾವ ನ್ಯಾಯಾಧೀಶನ ಎದುರಿಗೂ ಇಡದ, ಸಾಕ್ಷಿಯನ್ನೇ ಕರೆಯದ, ಕೇವಲ ಗಡಿಯ ಬಾಗಿಲನ್ನು ಮುಚ್ಚುವುದಕ್ಕೆಂದು ಉಚ್ಚರಿಸಿದ ಆರೋಪಕ್ಕೆ ಕೊನೆಯೆಂಬುದಿಲ್ಲ. ಸಿದ್ಧವಾಗದೆ ಉಳಿಯುವುದರಲ್ಲೇ ಅದರ ಬಲವಿದೆ.

ಆ ಪ್ರಾಧ್ಯಾಪಿಕೆಯ ಹೆಸರು ನಿತಾಶಾ ಕೌಲ್. ಕಾಶ್ಮೀರಿ ಪಂಡಿತರ ಮನೆತನದವರು. ಬ್ರಿಟನ್ನಿನ ಪ್ರಜೆಯಾಗಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸುವವರು. 2019ರಲ್ಲಿ ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದ ಬಳಿಕ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಅಲ್ಲಿನ ಪರಿಸ್ಥಿತಿಯನ್ನು ಕುರಿತು ಹೇಳಿಕೆ ಕೊಟ್ಟವರು. ಅವರ ಅಭಿಪ್ರಾಯಗಳನ್ನು ಒಪ್ಪದವರು ಬಹಳ ಮಂದಿಯಿದ್ದಾರೆ, ಅವರ ಸಮುದಾಯದವರಲ್ಲೂ ಇದ್ದಾರೆ. ಈ ಕಥೆ ನಮ್ಮ ಕನ್ನಡ ನಾಡಿಗೆ ತಗುಲುವುದು 2024ರ ಫೆಬ್ರುವರಿಯಲ್ಲಿ. ಸಂವಿಧಾನದ ಎಪ್ಪತ್ತೈದನೆಯ ವರ್ಷದ ಸಂದರ್ಭದಲ್ಲಿ ಕರ್ನಾಟಕ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯು ಆ ತಿಂಗಳ 24 ಮತ್ತು 25ರಂದು ಬೆಂಗಳೂರಿನಲ್ಲಿ ಸಂವಿಧಾನ ಮತ್ತು ರಾಷ್ಟ್ರೀಯ ಐಕ್ಯತೆಯ ಸಮಾವೇಶವನ್ನು ಏರ್ಪಡಿಸಿ ಇವರನ್ನು ಭಾಷಣಕ್ಕೆ ಆಹ್ವಾನಿಸಿತ್ತು. ಆಹ್ವಾನಪತ್ರವನ್ನು ಕೈಯಲ್ಲಿ ಹಿಡಿದು ಅವರು ವಿಮಾನದಿಂದ ಇಳಿದರು, ಇಳಿದಲ್ಲಿಯೇ ತಡೆಯಲ್ಪಟ್ಟರು, ಸುಮಾರು ಒಂದು ದಿನ ಕಾವಲಿನ ಕೋಣೆಯಲ್ಲಿದ್ದು ಲಂಡನ್ನಿಗೆ ಮರಳಿ ಕಳುಹಿಸಲ್ಪಟ್ಟರು. ದೆಹಲಿಯಿಂದ ಆಜ್ಞೆ ಬಂದಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂಬುದನ್ನು ಬಿಟ್ಟು ಅಧಿಕಾರಿಗಳು ಬೇರೆ ಕಾರಣ ತಿಳಿಸಲಿಲ್ಲವೆಂದೂ, ಮಾತಿನ ನಡುವೆ ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ತಾವು ಹಿಂದೆ ಟೀಕಿಸಿದ್ದ ಪ್ರಸ್ತಾಪ ಬಂದಿತೆಂದೂ ಅವರು ಆಮೇಲೆ ಹೇಳಿದರು. ವಿದೇಶಾಂಗ ಖಾತೆಯ ವಕ್ತಾರರು, ಪರದೇಶದ ಪ್ರಜೆಗಳನ್ನು ಒಳಗೆ ಬಿಡುವುದು ಬಿಡದಿರುವುದು ಸಾರ್ವಭೌಮ ನಿರ್ಧಾರವೆಂದು ಉತ್ತರಿಸಿದರು. ಹೀಗೆ ಒಂದು ಸರ್ಕಾರ ಕರೆದ ಅತಿಥಿಯನ್ನು ಇನ್ನೊಂದು ಸರ್ಕಾರ ಹೊಸ್ತಿಲಿನಿಂದಲೇ ಹಿಂದಕ್ಕಟ್ಟಿತು; ಸಂವಿಧಾನದ ಸಮಾವೇಶವು ಸಂವಿಧಾನದ ಬಗ್ಗೆ ಮಾತನಾಡಬೇಕಾದ ಒಬ್ಬರಿಲ್ಲದೆ ನಡೆಯಿತು.

ಹದಿನೈದು ತಿಂಗಳು ಕಳೆದ ಮೇಲೆ ಬಂದದ್ದು ಆ ಮೇ ತಿಂಗಳ ಸುದ್ದಿ. ಪತ್ರಿಕೆಗಳು ಒಸಿಐ ಎಂದು ಕರೆಯುವ, ಭಾರತ ಮೂಲದ ವಿದೇಶೀ ಪ್ರಜೆಗಳಿಗೆ ವೀಸಾ ಇಲ್ಲದೆ ಬಂದುಹೋಗುವ ಅವಕಾಶ ಕೊಡುವ ಸಾಗರೋತ್ತರ ನಾಗರಿಕತ್ವದ ಪತ್ರವು ರದ್ದಾಯಿತೆಂದು ಅವರು ಮೇ 18ರಂದು ಬಹಿರಂಗಪಡಿಸಿದರು. ದುರುದ್ದೇಶದಿಂದಲೂ ಸತ್ಯಸಂಗತಿಗಳಿಗೆ, ಇತಿಹಾಸಕ್ಕೆ ಬೆಲೆ ಕೊಡದೆಯೂ ಬರಹ ಭಾಷಣಗಳ ಮೂಲಕ ಭಾರತವಿರೋಧಿ ಚಟುವಟಿಕೆಗಳಲ್ಲಿ ತೊಡಗಿದ್ದಾರೆ ಎಂಬುದು ಆ ಪತ್ರದ ಸಾರ. ಇತಿಹಾಸಕ್ಕೆ ಬೆಲೆ ಕೊಡಲಿಲ್ಲವೆಂಬ ಆಕ್ಷೇಪವು ವಿದ್ವಾಂಸರು ಪರಸ್ಪರ ಹಾಕಿಕೊಳ್ಳುವಂಥದು; ಅದಕ್ಕೆ ಪ್ರತಿಯಾಗಿ ಒಂದು ಲೇಖನ ಬರುತ್ತದೆ, ಅಡಿಟಿಪ್ಪಣಿಗಳ ಯುದ್ಧ ನಡೆಯುತ್ತದೆ, ಕೊನೆಗೆ ಇಬ್ಬರೂ ಚಹಾ ಕುಡಿದು ಏಳುತ್ತಾರೆ. ಗೃಹಖಾತೆಯು ಅದೇ ಮಾತನ್ನು ಆಡಿದಾಗ ಮಾತ್ರ, ಯಾವ ವಾಕ್ಯದಲ್ಲಿ ಯಾವ ಇತಿಹಾಸ ಕೆಟ್ಟಿತೆಂದು ತೋರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಸರ್ಕಾರದ ಪಕ್ಷದಲ್ಲಿ ಹೇಳಬೇಕಾದ ಮಾತೂ ಉಂಟು. ಪರದೇಶದವರನ್ನು ಒಳಗೆ ಬಿಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡು ಯಾವ ರಾಜ್ಯಕ್ಕೂ ಇಲ್ಲ. ವಿದೇಶೀಯನನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ 1955ರಲ್ಲಿ ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಮೊಕದ್ದಮೆಯಲ್ಲಿ ಹೇಳಿತು. ಸಂವಿಧಾನದ 19ನೆಯ ವಿಧಿಯ ವಾಕ್ ಸ್ವಾತಂತ್ರ್ಯವು ಪ್ರಜೆಗಳಿಗೆ ಮಾತ್ರ. ಸಮಾನತೆಯ 14ನೆಯ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿ ಇವು ಎಲ್ಲ ಮನುಷ್ಯರಿಗೂ ಸಲ್ಲುತ್ತವೆ. ಒಸಿಐ ಪತ್ರದವರು ಇವೆರಡರ ನಡುವೆ ಹೊಸ್ತಿಲ ಮೇಲೆ ನಿಂತವರು: ಪೂರ್ಣ ಪ್ರಜೆಗಳಲ್ಲ, ಪೂರ್ಣ ಪರಕೀಯರೂ ಅಲ್ಲ. 1955ರ ಪೌರತ್ವ ಕಾಯಿದೆಯ 7ಡಿ ಪ್ರಕರಣವು ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಹಿತ ಮೊದಲಾದ ಕಾರಣಗಳಿಗಾಗಿ ಆ ಪತ್ರವನ್ನು ಕಸಿಯಲು ಅವಕಾಶ ಕೊಟ್ಟಿದೆ. ಆದರೆ ಕಸಿಯುವ ಮೊದಲು ಅವರ ಮಾತನ್ನು ಕೇಳಬೇಕು.

ಕೇಳುವುದೆಂದರೇನು ಎಂಬುದಕ್ಕೆ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿ ಶಾಂತಿಶಾಸ್ತ್ರದ ಪ್ರಾಧ್ಯಾಪಕರಾದ, ಒಡಿಶಾ ಮೂಲದ ಅಶೋಕ್ ಸ್ವೈನ್ ಅವರ ಮೊಕದ್ದಮೆ ಒಳ್ಳೆಯ ನಿದರ್ಶನ. ಅವರ ಪತ್ರ 2022ರ ಫೆಬ್ರುವರಿಯಲ್ಲಿ ರದ್ದಾಯಿತು. ವೃದ್ಧೆಯಾದ ತಾಯಿಯನ್ನು ನೋಡಲು ಬರಬೇಕಿದೆಯೆಂದು ಅವರು ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದರು. 2023ರ ಜುಲೈ 10ರಂದು ನ್ಯಾಯಮೂರ್ತಿ ಸುಬ್ರಮೋಣಿಯಂ ಪ್ರಸಾದ್ ಅವರು, ಕಾಯಿದೆಯ ಪ್ರಕರಣವನ್ನು ಮಂತ್ರದಂತೆ ಜಪಿಸಿದ್ದನ್ನು ಬಿಟ್ಟರೆ ಆಜ್ಞೆಯಲ್ಲಿ ಕಾರಣವೇ ಇಲ್ಲವೆಂದು ಅದನ್ನು ತಳ್ಳಿಹಾಕಿ, ಮೂರು ವಾರದೊಳಗೆ ಕಾರಣಸಹಿತವಾಗಿ ಹೊಸ ಆಜ್ಞೆ ಮಾಡಿರೆಂದರು. ಮಂತ್ರವೆಂಬ ಆ ಮಾತು ನನಗೆ ಬಹಳ ಹಿಡಿಸಿತು. ಅರ್ಥ ತಿಳಿಯದಿದ್ದರೂ ಫಲ ಕೊಡುವುದೇ ಮಂತ್ರದ ಲಕ್ಷಣವಲ್ಲವೆ? ಮೂರು ವಾರ ತುಂಬುವ ಹೊತ್ತಿಗೆ ಸರ್ಕಾರ ಪುನಃ ರದ್ದುಮಾಡಿತು. 2025ರ ಮಾರ್ಚ್ 28ರಂದು ಅದೇ ಹೈಕೋರ್ಟು ಆ ಎರಡನೆಯ ಆಜ್ಞೆಯನ್ನೂ ತಳ್ಳಿಹಾಕಿ, ಬೇಕಿದ್ದರೆ ಹೊಸ ನೋಟಿಸು ಕೊಟ್ಟು ಮೊದಲಿನಿಂದ ಆರಂಭಿಸಬಹುದೆಂದಿತು. ಎರಡು ಸಲ ಗೆದ್ದರೂ ಮುಗಿಯದ ಮೊಕದ್ದಮೆಯಿದು. ಈ ತೀರ್ಪು ಹೊರಬಿದ್ದು ಎರಡು ತಿಂಗಳಾಗುವ ಮೊದಲೇ ಕೌಲ್ ಅವರ ಪತ್ರ ರದ್ದಾದ ಸುದ್ದಿ ನಮ್ಮ ಕಟ್ಟೆಗೆ ಬಂತು.

ಇದೆಲ್ಲ ಇಂದಿನ ಕಾಲದ ಅನಾಚಾರವೆಂದು ಭಾವಿಸುವವರು ನಮ್ಮ ಸೀಮೆಯ ಚರಿತ್ರೆಯನ್ನು ಮರೆತಿದ್ದಾರೆ. ಇಜೇರಿ, ಜೇವರ್ಗಿ, ಆಳಂದ, ಅಫಜಲಪುರಗಳೆಲ್ಲ 1948ರವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟವು. ಆ ರಾಜ್ಯದಿಂದ ಒಬ್ಬ ವಿದ್ವಾಂಸನನ್ನು ಹೊರಹಾಕಿದ ಪ್ರಸಂಗ 1883ರಷ್ಟು ಹಿಂದಿನದು. ಎಡಿನ್‌ಬರೋದಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದು ಬಂದು ಹೈದರಾಬಾದಿನ ಕಾಲೇಜಿಗೆ ಪ್ರಾಂಶುಪಾಲರಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರು, ಮುಂದೆ ಸರೋಜಿನಿ ನಾಯ್ಡು ಎಂದು ಪ್ರಸಿದ್ಧಳಾಗಲಿದ್ದ ನಾಲ್ಕು ವರ್ಷದ ಹುಡುಗಿಯ ತಂದೆ. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ಆಗಲೇ ಓಡುತ್ತಿದ್ದ ರೈಲಿನ ದಾರಿಯನ್ನು ಚಾಂದಾದ ಕಡೆಗೆ ಬೆಳೆಸುವ ಯೋಜನೆಯನ್ನು ಲಂಡನ್ನಿನ ಬಂಡವಾಳಗಾರರೊಡನೆ ಸರ್ಕಾರ ಗುಟ್ಟಾಗಿ ಕುದುರಿಸುತ್ತಿದ್ದಾಗ, ಕರಾರಿನ ಷರತ್ತುಗಳನ್ನು ಪ್ರಜೆಗಳಿಗೆ ತಿಳಿಸಿರೆಂದು ಕೇಳಿದವರಲ್ಲಿ ಅವರು ಪ್ರಮುಖರು. ಆ ವರ್ಷದ ಮೇ ತಿಂಗಳಲ್ಲಿ ಅವರನ್ನು ಉದ್ಯೋಗದಿಂದ ತೆಗೆದು ರಾಜ್ಯದಿಂದಲೇ ಹೊರಗಟ್ಟಿದರು. ಕೇಳಿದ ಪ್ರಶ್ನೆ ಎಷ್ಟು ಯೋಗ್ಯವಾಗಿತ್ತೆಂಬುದು ಐದು ವರ್ಷದ ನಂತರ ಗೊತ್ತಾಯಿತು: ರೈಲ್ವೆ ಕರಾರನ್ನು ಕುದುರಿಸಿದ ಸರದಾರ ಅಬ್ದುಲ್ ಹಕ್, ಅದೇ ಬಗೆಯ ಗಣಿ ಗುತ್ತಿಗೆಯ ಹಗರಣದಲ್ಲಿ ಸಿಕ್ಕಿಬಿದ್ದು, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. ಅಘೋರನಾಥರನ್ನು ಕೆಲವು ವರ್ಷಗಳ ಮೇಲೆ ಮತ್ತೆ ಕರೆಸಿಕೊಂಡರೆಂಬುದನ್ನೂ ಹೇಳಬೇಕು. ನಿಜಾಮಶಾಹಿಯ ಕೋಪಕ್ಕೂ ಒಂದು ಅವಧಿಯಿತ್ತು.

ಅವರ ಮಗ ವೀರೇಂದ್ರನಾಥನಿಗೆ ಅಷ್ಟು ಭಾಗ್ಯವೂ ಇರಲಿಲ್ಲ. ಲಂಡನ್ನಿನಲ್ಲಿ ಬ್ಯಾರಿಸ್ಟರಿಗೆ ಓದುತ್ತಿದ್ದ ಅವನನ್ನು, ಪತ್ರಿಕೆಗೆ ಬರೆದ ಪತ್ರಗಳ ಕಾರಣದಿಂದ 1909ರಲ್ಲಿ ಮಿಡಲ್ ಟೆಂಪಲ್ ಸಂಸ್ಥೆಯಿಂದ ತೆಗೆದುಹಾಕಿದರು. ಪ್ಯಾರಿಸ್, ಬರ್ಲಿನ್, ಸ್ಟಾಕ್‌ಹೋಮ್‌ಗಳಲ್ಲಿ ಬ್ರಿಟಿಷರ ವಿರುದ್ಧ ಸಂಘಟನೆ ಮಾಡುತ್ತ ಅಲೆದು, ಕೊನೆಗೆ ಸೋವಿಯತ್ ದೇಶವನ್ನು ಆಶ್ರಯಿಸಿ, ಲೆನಿನ್‌ಗ್ರಾಡಿನ ವಿಜ್ಞಾನ ಅಕಾಡೆಮಿಯ ಮಾನವಶಾಸ್ತ್ರ ಸಂಸ್ಥೆಯಲ್ಲಿ ವಿದ್ವಾಂಸನಾಗಿ ನೆಲೆಸಿದ. ಅಲ್ಲಿ 1937ರ ಜುಲೈಯಲ್ಲಿ ಸ್ಟಾಲಿನ್ನನ ಪೊಲೀಸರು ಅವನನ್ನು ಹಿಡಿದೊಯ್ದು ಸೆಪ್ಟೆಂಬರ್ 2ರಂದು ಗುಂಡಿಕ್ಕಿ ಕೊಂದರು. ಒಂದು ಸರ್ಕಾರ ರಾಜದ್ರೋಹಿಯೆಂದು ಬೆನ್ನಟ್ಟಿದವನನ್ನು, ಆ ಸರ್ಕಾರದ ಪರಮಶತ್ರುವೆನಿಸಿದ ಇನ್ನೊಂದು ಸರ್ಕಾರವೂ ದ್ರೋಹಿಯೆಂದೇ ಮುಗಿಸಿತು. ಸ್ಟಾಲಿನ್ ತೀರಿಕೊಂಡ ಮೇಲೆ ಅವನು ನಿರಪರಾಧಿಯೆಂಬ ಘೋಷಣೆ ಬಂತು. ಅಷ್ಟು ಹೊತ್ತಿಗೆ ಅದನ್ನು ಓದಿಕೊಳ್ಳಲು ಅವನಿರಲಿಲ್ಲ.

ಮುಂದಿನ ವರ್ಷ, 1938ರಲ್ಲಿ, ಇದೇ ಚಿತ್ರ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿತು. ಅನುಮತಿಯಿಲ್ಲದೆ ಸಭೆ ಸೇರಬಾರದೆಂಬ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಅದಕ್ಕೆ ಮುಂಚಿನಿಂದಲೇ ಜಾರಿಯಲ್ಲಿತ್ತು. ಆ ಸೆಪ್ಟೆಂಬರಿನಲ್ಲಿ ಸ್ಟೇಟ್ ಕಾಂಗ್ರೆಸ್ ಎಂಬ ಸಂಸ್ಥೆಯನ್ನು, ಅದಿನ್ನೂ ವಿಧಿವತ್ತಾಗಿ ಹುಟ್ಟುವ ಮೊದಲೇ, ಕೋಮುವಾದಿ ಸಂಸ್ಥೆಯೆಂದು ಹೇಳಿ ಸರ್ಕಾರ ನಿಷೇಧಿಸಿತು. ಹುಟ್ಟದ ಕೂಸಿನ ನಡತೆಯನ್ನು ನಿರ್ಣಯಿಸಿದ ಆ ಆಜ್ಞೆ 1946ರವರೆಗೆ ಉಳಿಯಿತು. ನಮ್ಮ ನೆರೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಸೆರೆಮನೆಗೆ ಹೋದದ್ದು ಆ ನಿಷೇಧವನ್ನು ಮುರಿದು. ನವೆಂಬರಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಸತಿಗೃಹಗಳ ಹುಡುಗರು ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಬಾರದೆಂದು ತಡೆದಾಗ ಅವರು ತರಗತಿಗಳನ್ನು ಬಿಟ್ಟರು, ನೂರಾರು ಮಂದಿ ಹೊರಹಾಕಲ್ಪಟ್ಟರು. ಚಳವಳಿಯ ಬಿಸಿ ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ತಗುಲಿತು. ದೇಶೀಯ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಕೊಡುವ ಮಹತ್ತ್ವಾಕಾಂಕ್ಷೆಯಿಂದ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ವಿದ್ಯಾಪೀಠವದು. ಅಂಥ ಉದಾರ ಸಂಕಲ್ಪವೂ ಒಂದು ಹಾಡಿನೆದುರು ಗಡಗಡ ನಡುಗಿತು. ಹುಡುಗರ ಅದೃಷ್ಟಕ್ಕೆ ಗಡಿಯಾಚೆ ನಾಗಪುರ ವಿಶ್ವವಿದ್ಯಾನಿಲಯವಿತ್ತು. ಅದು, ಹೈದರಾಬಾದು ಬರೆದ ನಡತೆಯ ಷರಾವನ್ನು ಪಕ್ಕಕ್ಕಿಟ್ಟು, ಅವರನ್ನು ಸೇರಿಸಿಕೊಂಡಿತು. ಹಾಗೆ ಹೋದವರಲ್ಲೊಬ್ಬ ವಿದ್ಯಾರ್ಥಿ, ಪಿ. ವಿ. ನರಸಿಂಹರಾವ್, ಮುಂದೆ ದೇಶದ ಪ್ರಧಾನಮಂತ್ರಿಯಾದರು.

ವಿದ್ಯಾಸ್ವಾತಂತ್ರ್ಯವೆಂದರೆ ಪ್ರಾಧ್ಯಾಪಕರಿಗೆ ಮನಸ್ಸು ಬಂದಂತೆ ಮಾತನಾಡುವ ವಿಶೇಷ ಸೌಲಭ್ಯವೆಂದು ಹಲವರು ತಿಳಿದಿದ್ದಾರೆ. ನಾಗಪುರ ಮಾಡಿದ್ದನ್ನು ನೋಡಿದರೆ ಅದರ ನಿಜಸ್ವರೂಪ ತಿಳಿದೀತು: ಒಬ್ಬನ ಯೋಗ್ಯತೆಯನ್ನು ಅವನ ವಿದ್ಯೆಯಿಂದ ಅಳೆಯುವುದು, ಅರಮನೆಯ ಗುಮಾನಿಯಿಂದ ಅಳೆಯದಿರುವುದು. ತಪ್ಪು ಹೇಳಿದರೆ ತಪ್ಪೆಂದು ತೋರಿಸುವ ಸಾಧನ ವಿದ್ಯೆಯಲ್ಲಿಯೇ ಇದೆ. ಆ ಕೆಲಸಕ್ಕೆ ವಿಮಾನ ನಿಲ್ದಾಣದ ಕಾವಲುಗಾರನನ್ನು ನೇಮಿಸಿದಾಗ ಎರಡು ನಷ್ಟಗಳಾಗುತ್ತವೆ. ಮೊದಲನೆಯದು ಕಾಣುವಂಥದು: ಕೇರಳದ ಮೀನುಗಾರರನ್ನು ಕುರಿತು ಬಹುಕಾಲ ಅಧ್ಯಯನ ಮಾಡಿದ ಫಿಲಿಪ್ಪೊ ಒಸೆಲ್ಲಾ ಅವರನ್ನು 2022ರ ಮಾರ್ಚಿನಲ್ಲಿ ತಿರುವನಂತಪುರದಿಂದ, ಹಿಂದೀ ಸಾಹಿತ್ಯದ ಚರಿತ್ರೆಗೆ ಆಯುಷ್ಯ ಸವೆಸಿದ ಫ್ರಾಂಚೆಸ್ಕಾ ಒರ್ಸೀನಿ ಅವರನ್ನು 2025ರ ಅಕ್ಟೋಬರಿನಲ್ಲಿ ದೆಹಲಿಯಿಂದ ಹಿಂದಕ್ಕೆ ಕಳುಹಿಸಿದರು; ಒರ್ಸೀನಿಯವರು ವೀಸಾ ನಿಯಮ ಮೀರಿದ್ದರೆಂದು ಸರ್ಕಾರದ ಕಡೆಯವರು ಹೇಳಿದರು. ಎರಡನೆಯದು ಕಾಣದಂಥದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ತೊಗರಿಯ ಹೊಲಗಳ ನಡುವೆ, ಈಗ ಕೇಂದ್ರೀಯ ವಿಶ್ವವಿದ್ಯಾನಿಲಯವೇ ಇದೆ. ನಮ್ಮ ಮೊಮ್ಮಕ್ಕಳು ಓದಲು ನಾಗಪುರಕ್ಕೆ ಓಡಬೇಕಾಗಿಲ್ಲ. ಆದರೆ ಅಂಥ ಯಾವ ಕಡೆಗೆ ಬರಬೇಕೆಂದಿದ್ದ ಹೊರದೇಶದ ವಿದ್ವಾಂಸನೂ, ಊರಿನಲ್ಲಿ ತಾಯಿಯಿರುವ ಯಾವ ಅನಿವಾಸಿಯೂ, ಒಂದು ಪ್ಯಾರಾವನ್ನು ಬರೆದು ಹೊಡೆದುಹಾಕಿದರೆ, ಆ ಹೊಡೆದುಹಾಕಿದ ಪ್ಯಾರಾದ ಲೆಕ್ಕ ಯಾವ ದಫ್ತರಿನಲ್ಲೂ ಇರುವುದಿಲ್ಲ.

ಇದನ್ನು ಒಂದು ಪಕ್ಷದ ದೋಷವೆಂದು ಬಗೆದು ಸಮಾಧಾನಪಡುವಂತೆಯೂ ಇಲ್ಲ. ತುರ್ತು ಪರಿಸ್ಥಿತಿಯ ವಿರುದ್ಧ ಹೋರಾಡಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರವೇ 1977ರ ಜುಲೈಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತಕ್ಕಾಗಿ ವಶಪಡಿಸಿಕೊಂಡು, ಕಾರಣ ಕೇಳಿದಾಗ, ಕಾರಣ ತಿಳಿಸದಿರುವುದೂ ಸಾರ್ವಜನಿಕ ಹಿತವೇ ಎಂದು ಉತ್ತರಿಸಿತ್ತು.

ಮೊನ್ನೆ ಈ ಲೇಖನದ ಸಲುವಾಗಿ ಮುತ್ಯಾ ಅವರನ್ನು ಪುನಃ ಮಾತಿಗೆಳೆದೆ. ರಜಾಕಾರರ ಕಾಲದಲ್ಲಿ, ನಿಜಾಮನ ವಿರುದ್ಧ ಹೋರಾಡುತ್ತಿದ್ದ ಗಡಿಯಾಚೆಯ ಶಿಬಿರದವರಿಗೆ ಜೋಳ ಮುಟ್ಟಿಸುತ್ತಾನೆಂದು ಅವರ ತಂದೆಯ ಹೆಸರನ್ನು ಯಾರೋ ಅಮೀನನ ಕಿವಿಗೆ ಹಾಕಿದರಂತೆ. ಅಮೀನ ಒಂದು ಕಾಗದ ಬರೆದುಕೊಂಡನಂತೆ. ಆ ರಾತ್ರಿಯೇ ಮನೆಮಂದಿಯೆಲ್ಲ ಎತ್ತಿನ ಬಂಡಿ ಕಟ್ಟಿಕೊಂಡು ಸಿಂದಗಿಯ ಕಡೆಗೆ ದಾಟಿದರಂತೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮಶಾಹಿ ಮುಗಿದ ಬಳಿಕ ಮರಳಿ ಬಂದು ನೋಡಿದರೆ ಮನೆಗೆ ಬಾಗಿಲಿರಲಿಲ್ಲ.

"ಜ್ವಾಳ ಕೊಟ್ಟಿದ್ದು ಖರೇನ್ರಿ?" ಎಂದೆ.

"ನಮಗಽ ಉಣ್ಣಾಕ ಇರಲಿಲ್ಲ, ಮಂದಿಗಿ ಎಲ್ಲಿಂದ ಕೊಡಬೇಕು?"

"ಮತ್ತ ಆ ಕಾಗದ ಏನಾತ್ರಿ?"

ಮುತ್ಯಾ ಬಹಳ ಹೊತ್ತು ನಕ್ಕರು. "ಅದನ್ನ ಯಾರೂ ಹರಿದಿಲ್ಲ. ನಮ್ಮಪ್ಪ ಸತ್ತು ಐವತ್ತು ವರ್ಷ ಆತು, ಅಂವನ ಕೇಸು ಇನ್ನಾ ನಡದೈತಿ ನೋಡ್ರಿ, ಮಾಸ್ತರ."