ಮಾಯವಾದ ಸ್ಕ್ರಿಪ್ಟ್

ಕಾಲೇಜು ನಾಟಕಕ್ಕೆಂದು ಎರಡು ತಿಂಗಳು ಕೂತು ಬರೆದಿದ್ದ ಸ್ಕ್ರಿಪ್ಟ್ ಲ್ಯಾಪ್‌ಟಾಪ್ ಕೆಟ್ಟಾಗ ಅದರ ಜೊತೆಗೇ ಹೋಯಿತು. ‘ಇನ್ನು ಬರೆಯೋದೇ ಇಲ್ಲ’ ಎಂದು ಮುಸುಕೆಳೆದು ಮಲಗಿದ್ದಾಗ ಗೆಳತಿ ಹೇಳಿದ್ದು ಎಮಾ ಥಾಂಪ್ಸನ್ ಕಥೆ.

‘ಹ್ಯಾರಿ ಪಾಟರ್’ನಲ್ಲಿ ದಪ್ಪ ಕನ್ನಡಕ ಹಾಕಿಕೊಂಡು ಭವಿಷ್ಯ ಹೇಳುವ ಟೀಚರ್ ಇದ್ದಾರಲ್ಲ, ಅವರೇ. 1959ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ಅಪ್ಪ, ಅಮ್ಮ ಇಬ್ಬರೂ ಕಲಾವಿದರು. ಕೇಂಬ್ರಿಜ್‌ನಲ್ಲಿ ಓದುವಾಗಲೇ ಹಾಸ್ಯ ತಂಡದಲ್ಲಿದ್ದರು. ಆದರೆ 1988ರಲ್ಲಿ ತಾವೇ ಬರೆದು ನಟಿಸಿದ ಟಿ.ವಿ. ಸರಣಿಯನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ತಮಾಷೆ ನೋಡಿ, ಅದೇ ಸರಣಿಯನ್ನು ಮೆಚ್ಚಿದ ನಿರ್ಮಾಪಕಿ ಲಿಂಡ್ಸೆ ಡೊರಾನ್, ಜೇನ್ ಆಸ್ಟಿನ್ ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಗೆ ಚಿತ್ರಕಥೆ ಬರೆಯಲು ಕರೆದರು!

ಬರೆದು, ತಿದ್ದಿ, ಮತ್ತೆ ಬರೆದು ಸುಮಾರು ಐದು ವರ್ಷ. ಈ ನಡುವೆ, 1993ರಲ್ಲಿ ‘ಹೋವರ್ಡ್ಸ್ ಎಂಡ್’ ಚಿತ್ರದ ನಟನೆಗೆ ಆಸ್ಕರ್ ಬಂತು. ಆದರೆ ಒಂದು ದಿನ ಆ ಚಿತ್ರಕಥೆ ಕಂಪ್ಯೂಟರ್‌ನಿಂದ ಮಾಯ! ಎಮಾ ಕಂಪ್ಯೂಟರನ್ನೇ ಎತ್ತಿಕೊಂಡು ಕಾಲೇಜು ದಿನಗಳ ಗೆಳೆಯ, ನಟ ಸ್ಟೀಫನ್ ಫ್ರೈ ಮನೆಗೆ ಓಡಿದರಂತೆ. ಅವರು ಗಂಟೆಗಟ್ಟಲೆ ತಡಕಾಡಿ ಹುಡುಕಿಕೊಟ್ಟರು. 1996ರಲ್ಲಿ ಆ ಚಿತ್ರಕಥೆಗೂ ಆಸ್ಕರ್. ನಟನೆಗೂ ಬರವಣಿಗೆಗೂ ಆಸ್ಕರ್ ಗೆದ್ದವರು ಅವರೊಬ್ಬರೇ.

ನನಗೆ ಹೊಟ್ಟೆಕಿಚ್ಚಾಗಿದ್ದು ಆಸ್ಕರ್‌ಗಲ್ಲ, ಅಂಥ ಗೆಳೆಯ ಸಿಕ್ಕಿದ್ದಕ್ಕೆ. ನನ್ನ ಲ್ಯಾಪ್‌ಟಾಪ್ ನೋಡಿದ ರಿಪೇರಿಯವನು ಎರಡೇ ನಿಮಿಷಕ್ಕೆ ‘ಏನೂ ಸಿಗಲ್ಲ’ ಎಂದಿದ್ದ. ಆದರೆ ಗೆಳತಿಗೆ ತನ್ನ ಪಾತ್ರದ ಮಾತೆಲ್ಲ ಬಾಯಿಪಾಠವಾಗಿತ್ತು. ಅವಳು ಹೇಳುತ್ತಾ ಹೋದಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಜ್ಜಿ ಪಾತ್ರದ ಮಾತುಗಳು ಮಾತ್ರ ಇಬ್ಬರಿಗೂ ನೆನಪಾಗುತ್ತಿಲ್ಲ. ಇವತ್ತು ರಾತ್ರಿ ಕೂತು ಹೊಸದಾಗಿ ಬರೆಯಬೇಕು.