ಪರಗೃಹದಿಂದ ಬಂದ ಗಿಳಿ

ಗಿಳಿ, ಗಿಣಿ, ಅರಗಿಳಿ ಎಂದು ಕನ್ನಡದಲ್ಲಿಯೂ, ಶುಕ, ಕೀರ ಎಂದು ಸಂಸ್ಕೃತದಲ್ಲಿಯೂ ಹೆಸರಾದ ಈ ಪಕ್ಷಿಯಷ್ಟು ಮನುಷ್ಯನ ಮನೆಯನ್ನೂ ಕಾವ್ಯವನ್ನೂ ಒಟ್ಟಿಗೆ ಹೊಕ್ಕ ಹಕ್ಕಿ ಇನ್ನೊಂದಿಲ್ಲ. ಆದರೂ ಅರ್ಥವರಿಯದ ಬಾಯಿಪಾಠಕ್ಕೆ ‘ಗಿಳಿಪಾಠ’ವೆಂಬ ಹೆಸರನ್ನಿತ್ತು ಉಪಾಧ್ಯಾಯವರ್ಗವು ಇದಕ್ಕೆ ತುಸು ಅನ್ಯಾಯವನ್ನೇ ಮಾಡಿದೆಯೆನ್ನಬೇಕು. ಅಮೆರಿಕದ ವಿದುಷಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಹಕ್ಕಿಯಂಗಡಿಯೊಂದರಿಂದ ಆಫ್ರಿಕದ ಬೂದು ಗಿಳಿಯೊಂದನ್ನು ಕೊಂಡುತಂದು, ಅಲೆಕ್ಸ್ ಎಂದು ಹೆಸರಿಟ್ಟು, 2007ರಲ್ಲಿ ಅದು ತೀರಿಕೊಳ್ಳುವವರೆಗೂ ಅದರೊಡನೆ ಪ್ರಯೋಗಗಳನ್ನು ನಡೆಸಿದರು. ತೋರಿಸಿದ ವಸ್ತುವಿನ ಬಣ್ಣವಾವುದು, ಆಕಾರವಾವುದು, ಅವು ಎಷ್ಟಿವೆ ಎಂಬ ಪ್ರಶ್ನೆಗಳಿಗೆ ಆ ಹಕ್ಕಿಯು ಮಾತಿನಲ್ಲಿಯೇ ಉತ್ತರ ಕೊಡುತ್ತಿದ್ದಿತು. ಎಣಿಕೆ ಆರರವರೆಗೆ ಬರುತ್ತಿದ್ದಿತು. ಇಂತಹ ಮೇಧೆಯುಳ್ಳ ಜೀವಿಯು ಒಂದು ಮನೆಯಿಂದ ಇನ್ನೊಂದು ಮನೆಗೆ ಬರುವಾಗ ಹಳೆಯ ಮನೆಯನ್ನು ಹೊಸಿಲಾಚೆ ಬಿಟ್ಟು ಬರುವುದಿಲ್ಲ. ಅದನ್ನು ಸ್ವೀಕರಿಸುವವರು ಮೊದಲು ತಿಳಿದುಕೊಳ್ಳಬೇಕಾದುದು ಇದನ್ನೇ.

ಗಿಳಿಗಳು ಕೈಬದಲಾಗುವುದಕ್ಕೆ ಮುಖ್ಯ ಕಾರಣವು ಅವುಗಳ ದೀರ್ಘಾಯುಷ್ಯ. ಬಜರಿಗಾರ್ ಎಂಬ ಚಿಕ್ಕ ಹಕ್ಕಿಯು ಐದರಿಂದ ಹತ್ತು ವರ್ಷ ಬದುಕಿದರೆ, ಜುಟ್ಟಿನ ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಆಫ್ರಿಕದ ಬೂದು ಗಿಳಿಯಾದರೋ ಒಳ್ಳೆಯ ಪೋಷಣೆಯಿದ್ದಲ್ಲಿ ನಲವತ್ತು, ಐವತ್ತು ವರ್ಷಗಳನ್ನು ಕಾಣಬಲ್ಲುದು. ಐವತ್ತರ ವಯಸ್ಸಿನಲ್ಲಿ ಮರಿಯನ್ನು ತಂದ ಗೃಹಸ್ಥನು ಗತಿಸಿದಾಗ ಹಕ್ಕಿಗೆ ಇನ್ನೂ ನಡುವಯಸ್ಸು. ಮಕ್ಕಳು ದೂರದೇಶದಲ್ಲಿರುತ್ತಾರೆ, ಬಾಡಿಗೆ ಮನೆಯ ನೆರೆಹೊರೆಯವರು ಅದರ ಕೂಗನ್ನು ಸಹಿಸುವುದಿಲ್ಲ, ಮನೆಯಲ್ಲಿ ಹಸುಗೂಸು ಹುಟ್ಟಿದೊಡನೆ ಪಂಜರವು ಹಿತ್ತಲಿಗೆ ಹೋಗುತ್ತದೆ. ಹೀಗೆ ಒಂದೆರಡು ಮನೆಗಳನ್ನು ದಾಟಿದ ಹಕ್ಕಿಗಳು ಇಂದು ಬೆಂಗಳೂರಿನಂತಹ ನಗರಗಳಲ್ಲಿ ಅಪರೂಪವಲ್ಲ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಿ ಮುಂದೆ ಸಾಗುವುದು ಉಚಿತ. ನಮ್ಮ ತೋಟ ಗದ್ದೆಗಳಲ್ಲಿ ಕಾಣುವ, ಕೊರಳಿಗೆ ಕೆಂಪು ಪಟ್ಟಿಯುಳ್ಳ ಹಸುರು ಗಿಳಿಯನ್ನಾಗಲಿ, ಅದಕ್ಕಿಂತ ದೊಡ್ಡದಾದ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯುಳ್ಳ ಗಿಳಿಯನ್ನಾಗಲಿ, ಪಶ್ಚಿಮ ಘಟ್ಟದ ನೀಲಿರೆಕ್ಕೆಯ ಗಿಳಿಯನ್ನಾಗಲಿ ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಅಪರಾಧ. ಗಿಣಿಶಾಸ್ತ್ರದವನ ಪೆಟ್ಟಿಗೆಯಲ್ಲಿನ ಹಕ್ಕಿಗೂ ಇದೇ ನಿಯಮ. ಯಾರಾದರೂ ಇಂತಹ ಗಿಳಿಯನ್ನು ತಂದು “ನೀವು ಸಾಕಿಕೊಳ್ಳಿ” ಎಂದರೆ, ಅನುಕಂಪವಿದ್ದರೂ ಒಪ್ಪದೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ. ಪುಣ್ಯ ಬರುವುದೆಂದು ಪಂಜರದ ಬಾಗಿಲು ತೆರೆದು ಹಾರಿಬಿಡುವುದು ಮಾತ್ರ ದೊಡ್ಡ ತಪ್ಪು. ಕೈತುತ್ತಿನಿಂದ ಬೆಳೆದು, ರೆಕ್ಕೆ ಸೊರಗಿ, ಗಿಡುಗವನ್ನು ಕಂಡೇ ಅರಿಯದ ಹಕ್ಕಿಯು ಬಯಲಿನಲ್ಲಿ ಹೆಚ್ಚು ಕಾಲ ಉಳಿಯಲಾರದು. ವಿದೇಶೀ ಗಿಳಿಗಳ ವಿಚಾರ ಬೇರೆ. ಅವುಗಳಲ್ಲಿ ಬಹುಪಾಲು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿವೆ. ಬೂದು ಗಿಳಿಯು 2017ರಿಂದ ಆ ಪಟ್ಟಿಯ ಅತ್ಯಂತ ಕಟ್ಟುನಿಟ್ಟಾದ ವರ್ಗದಲ್ಲಿದೆ. 2022ರಲ್ಲಿ ನಮ್ಮ ಅಧಿನಿಯಮಕ್ಕೆ ಆದ ತಿದ್ದುಪಡಿ ಮತ್ತು 2024ರ ನಿಯಮಗಳಿಗನುಸಾರವಾಗಿ ಅಂತಹ ಹಕ್ಕಿಯನ್ನಿಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು, ಕೈಬದಲಾದುದನ್ನೂ ತಿಳಿಸಬೇಕು. ಬಜರಿಗಾರ್, ಕಾಕಟೀಲ್‌ಗಳು ಆ ಪಟ್ಟಿಯಲ್ಲಿಲ್ಲ. ಆದಕಾರಣ ದೊಡ್ಡ ಗಿಳಿಯನ್ನು ಸ್ವೀಕರಿಸುವವರು ಹಕ್ಕಿಗಿಂತ ಮೊದಲು ಅದರ ಕಾಗದಪತ್ರವನ್ನು ಕೇಳಿ ಪಡೆಯತಕ್ಕುದು.

ಹೊಸ ಮನೆಗೆ ಬಂದ ಗಿಳಿಯನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ನಮ್ಮ ಕಾವ್ಯದಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಬಾಣಭಟ್ಟನು ಸಂಸ್ಕೃತದಲ್ಲಿ ಬರೆದ, ಒಂದನೆಯ ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯ ಕಥೆಯನ್ನು ಹೇಳುವ ವೈಶಂಪಾಯನನೆಂಬ ಗಿಳಿಯು ಕೈಯಿಂದ ಕೈಗೆ ಸಾಗಿದ ಹಕ್ಕಿಯೇ. ವಿಂಧ್ಯಾಟವಿಯ ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿ, ಬೇಡನಿಂದ ತಂದೆಯನ್ನು ಕಳೆದುಕೊಂಡು, ಹಾರೀತನ ಕೈಸೇರಿ ಜಾಬಾಲಿಯ ಆಶ್ರಮವನ್ನು ಮುಟ್ಟಿ, ಅಲ್ಲಿಂದ ಹಾರಿಹೋಗಿ, ಬಲೆಗೆ ಸಿಕ್ಕಿ, ಚಂಡಾಲಕನ್ಯೆಯ ಪಂಜರದಲ್ಲಿದ್ದು, ಕಡೆಗೆ ಶೂದ್ರಕರಾಜನ ಆಸ್ಥಾನಕ್ಕೆ ಬರುತ್ತದೆ. ಪಂಜರಕ್ಕೆ ಬಿದ್ದ ಹೊಸತರಲ್ಲಿ ಅದು ಮೌನವನ್ನೇ ಹಿಡಿದು ಆಹಾರವನ್ನು ಒಲ್ಲೆನೆಂದಿತು. ಗಿಳಿ ಸಾಕಿದವರೆಲ್ಲರೂ ಬಲ್ಲ ಲಕ್ಷಣವಿದು. ಶೂದ್ರಕನಾದರೋ ಹಕ್ಕಿಯ ಪಾಂಡಿತ್ಯಕ್ಕೆ ಬೆರಗಾದರೂ ಕೂಡಲೇ ಕಥೆ ಹೇಳೆಂದು ಪೀಡಿಸಲಿಲ್ಲ. ಮೊದಲು ಅದನ್ನು ಒಳಗೆ ಕಳುಹಿಸಿ, ಹಣ್ಣುಹಂಪಲು ತಿಂದು ವಿಶ್ರಮಿಸುವಂತೆ ಮಾಡಿ, ಆಮೇಲೆ ವೃತ್ತಾಂತವನ್ನು ಕೇಳಿದನು. ಹಕ್ಕಿ ಬಂದ ಸಂಜೆಯೇ ನೆಂಟರಿಷ್ಟರನ್ನು ಕರೆದು, ಪಂಜರದ ಸುತ್ತ ಗುಂಪುಗೂಡಿ, “ಏನಾದರೂ ಮಾತಾಡು” ಎಂದು ಬೆರಳು ತೂರಿಸುವ ಇಂದಿನ ಮನೆಯವರು ಆ ಅರಸನಿಂದ ಕಲಿಯಬೇಕಾದುದಿದೆ.

ಹಕ್ಕಿಯನ್ನು ಕೊಡುವವರನ್ನು ಸಾವಧಾನವಾಗಿ ವಿಚಾರಿಸಬೇಕು. ಅದು ಏನನ್ನು ತಿನ್ನುತ್ತಿದ್ದಿತು, ಎಷ್ಟು ಹೊತ್ತಿಗೆ ಮಲಗುತ್ತಿದ್ದಿತು, ಯಾರ ಕೈಗೆ ಬರುತ್ತಿದ್ದಿತು, ಯಾವುದಕ್ಕೆ ಬೆದರುತ್ತದೆ, ಯಾವ ಮಾತಿಗೆ ಯಾವ ಮರುಮಾತು ಹೇಳುತ್ತದೆ—ಇವಿಷ್ಟನ್ನು ಬರೆದಿಟ್ಟುಕೊಳ್ಳಬೇಕು. ಹಳೆಯ ಪಂಜರವು ಕಿರಿದಾಗಿದ್ದರೂ ಮೊದಲ ಕೆಲವು ದಿನ ಅದೇ ಇರಲಿ. ಆಹಾರವೂ ಅದೇ ಇರಲಿ. ಪಂಜರದ ಒಂದು ಪಾರ್ಶ್ವ ಗೋಡೆಗೆ ತಾಗಿದ್ದರೆ ಬೆನ್ನಿಗೆ ಆಸರೆಯಾಯಿತೆಂದು ಹಕ್ಕಿ ನೆಮ್ಮದಿಯಾಗಿರುತ್ತದೆ. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ ಹೊಸ ಹಕ್ಕಿಯನ್ನು ಬೇರೆ ಕೋಣೆಯಲ್ಲಿರಿಸಿ, ಪಕ್ಷಿಗಳ ಚಿಕಿತ್ಸೆಯನ್ನು ಬಲ್ಲ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಗಿಳಿಜ್ವರವೆಂದು ಹೆಸರಾದ ಸಿಟಕೋಸಿಸ್ ರೋಗವು ಹಕ್ಕಿಯ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಅಂಟುವಂತಹುದು.

ಇನ್ನು ವಿಶ್ವಾಸವನ್ನು ಗಳಿಸುವ ಬಗೆ. ಕಚ್ಚುವ ಗಿಳಿಯನ್ನು ದುಷ್ಟವೆನ್ನುವುದು ರೂಢಿ. ವಾಸ್ತವವಾಗಿ ಕಚ್ಚುವುದು ಅದರ ಕಟ್ಟಕಡೆಯ ಮಾತು. ಅದಕ್ಕೆ ಮುಂಚೆ ಅದು ಕೊರಳಿನ ಗರಿಗಳನ್ನು ನಿಮಿರಿಸಿ, ಕಣ್ಣಿನ ಪಾಪೆಯನ್ನು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸಿ, ಮೈಯನ್ನು ಬಿಗಿಹಿಡಿದು, ಹಿಂದಕ್ಕೆ ವಾಲಿ, ಹತ್ತಿರ ಬರಬೇಡವೆಂದು ಪರಿಪರಿಯಾಗಿ ಹೇಳಿರುತ್ತದೆ. ಹಿಂದಿನ ಮನೆಯಲ್ಲಿ ಈ ಸಂಜ್ಞೆಗಳನ್ನು ಯಾರೂ ಗಮನಿಸದಿದ್ದರೆ, ಅವು ವ್ಯರ್ಥವೆಂದು ಕಲಿತು ನೇರವಾಗಿ ಕಚ್ಚುವುದನ್ನು ಅಭ್ಯಾಸ ಮಾಡಿಕೊಂಡಿರುತ್ತದೆ. ಪ್ರತಿದಿನ ಒಂದು ನಿಯತ ವೇಳೆಯಲ್ಲಿ ಪಂಜರದ ಸಮೀಪ ಕುಳಿತು, ಪತ್ರಿಕೆಯನ್ನೋ ಪುಸ್ತಕವನ್ನೋ ಮೆಲುದನಿಯಲ್ಲಿ ಓದುತ್ತಿರುವುದು ಉತ್ತಮ ಉಪಾಯ. ಹಕ್ಕಿಗೆ ಬಹಳ ಪ್ರಿಯವಾದ ತಿನಿಸನ್ನು ಬಟ್ಟಲಿಗೆ ಹಾಕದೆ ಕೈಯಿಂದಲೇ ಕೊಡುವುದಕ್ಕೆ ಮೀಸಲಿಡಬೇಕು. ಅದು ತಾನಾಗಿ ಕಂಬಿಯ ಬಳಿಗೆ ಬಂದು ತಿನಿಸನ್ನು ಪಡೆಯುವಂತಾದ ಮೇಲೆ ಕೋಲಿನ ಮೇಲೆ, ಅನಂತರ ಮುಂಗೈಯ ಮೇಲೆ ಹತ್ತಿಸಿಕೊಳ್ಳಬಹುದು. ಇದಕ್ಕೆ ವಾರ ಸಾಕಾದೀತು, ವರ್ಷವೂ ಹಿಡಿದೀತು. ಕಚ್ಚಿದಾಗ ಅರಚಿಕೊಳ್ಳುವುದೂ, ಕೂಗಿದಾಗ ಎದುರು ಕೂಗಿ ಗದರಿಸುವುದೂ ಹಕ್ಕಿಗೆ ಆಟವಾಗಿಯೇ ತೋರುವುದು. ಮೂಕವಾಗಿ ಮುಖ ತಿರುಗಿಸುವುದೇ ತಕ್ಕ ಶಾಸ್ತಿ. ಮನೆಯೊಡತಿ ಆಸೆಪಟ್ಟು ತಂದ ಗಿಳಿಯು ಅವಳನ್ನು ಬಿಟ್ಟು ಮನೆಯ ಅಜ್ಜನನ್ನು ಮೆಚ್ಚುವುದೂ ಉಂಟು. ಇದರಲ್ಲಿ ಆಯ್ಕೆಯ ಹಕ್ಕು ಗಿಳಿಯದೇ.

ಪರಗೃಹದ ಗಿಳಿಯೊಡನೆ ಬರುವ ಅತ್ಯಂತ ಸೂಕ್ಷ್ಮವಾದ ವಸ್ತುವೆಂದರೆ ಅದರ ಮಾತು. ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1800ರಲ್ಲಿ ದಕ್ಷಿಣ ಅಮೆರಿಕದ ಒರಿನೋಕೋ ನದಿಯ ಪ್ರಾಂತದಲ್ಲಿ ಸಂಚರಿಸುತ್ತಿದ್ದಾಗ ಅಲ್ಲಿನ ಜನ ಒಂದು ಮುದಿ ಗಿಳಿಯನ್ನು ತೋರಿಸಿ, ಇದರ ಮಾತು ಯಾರಿಗೂ ತಿಳಿಯದು, ಇದು ನಾಶವಾದ ಅಟೂರೆಸ್ ಕುಲದವರ ನುಡಿಯನ್ನಾಡುತ್ತದೆ ಎಂದರೆಂದು ಆತನು ಬರೆದಿಟ್ಟಿದ್ದಾನೆ. ಅಷ್ಟು ದೂರ ಹೋಗುವುದೂ ಬೇಡ. ತಂದೆ ತೀರಿಕೊಂಡ ಮನೆಯ ಗಿಳಿಯು ಆ ಹಿರಿಯರ ಕೆಮ್ಮನ್ನೂ, ಅವರು ಮಗಳನ್ನು ಕರೆಯುತ್ತಿದ್ದ ಧಾಟಿಯನ್ನೂ ಹಾಗೆಯೇ ಒಪ್ಪಿಸಬಲ್ಲುದು. ಆ ಸ್ವರವನ್ನು ಕೇಳಲಾರದೆ ಹಕ್ಕಿಯನ್ನು ಬೇರೆಯವರಿಗೆ ಒಪ್ಪಿಸುವವರೂ ಇರುತ್ತಾರೆ; ಅದೊಂದೇ ಸ್ವರಕ್ಕಾಗಿ ಕೊಡಲೊಲ್ಲದೆ ಇಟ್ಟುಕೊಳ್ಳುವವರೂ ಇರುತ್ತಾರೆ. ಸ್ವೀಕರಿಸಿದ ಮನೆಯವರಿಗೆ ಆ ಹೆಸರುಗಳಾವುವೂ ಗೊತ್ತಿರುವುದಿಲ್ಲ. ಆದರೂ ಹಕ್ಕಿಯು ಕರೆದಾಗ, ಹಿಂದಿನವರು ಹೇಳುತ್ತಿದ್ದ ಮರುಮಾತನ್ನು ಹೇಳಿದರೆ ಅದಕ್ಕೆ ಸಮಾಧಾನವಾಗುತ್ತದೆ. ಗುಂಪಿನಲ್ಲಿ ಬಾಳುವ ಗಿಳಿಗಳು ಕಾಡಿನಲ್ಲಿ ಪರಸ್ಪರ ಕೂಗಿ, ಓಗೊಟ್ಟು, ಇರವನ್ನು ತಿಳಿದುಕೊಳ್ಳುತ್ತವೆ. ಮನೆಯಲ್ಲಿ ಓಗೊಡುವವರು ನಾವೇ. ಹಿಂದಿನ ಮನೆಯಲ್ಲಿ ಬೈಗುಳವನ್ನು ಕಲಿತು ಬಂದಿದ್ದರೆ ನಗುವುದೂ ಬೇಡ, ಬೈಯುವುದೂ ಬೇಡ. ಕೇಳದವರಂತಿದ್ದು, ಒಳ್ಳೆಯ ಮಾತಿಗೆ ಮಾತ್ರ ಆದರ ತೋರಿದರೆ ಆ ನುಡಿ ಕ್ರಮೇಣ ವಿರಳವಾಗುತ್ತದೆ.

ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಬೋಳಾದ ಹಕ್ಕಿಯನ್ನು ಕಂಡು ಹಿಂಜರಿಯುವವರು ಬಹಳ. ಬೂದು ಗಿಳಿಗಳಲ್ಲಿಯೂ ಕಾಕಟೂಗಳಲ್ಲಿಯೂ ಇದು ಹೆಚ್ಚು. ಚರ್ಮದ ಬೇನೆ, ಅಪೋಷಣೆ, ಒಳರೋಗ ಇವುಗಳಿಂದಲೂ ಬರಬಹುದು. ಏಕಾಂತ, ಭಯ, ಕೆಲಸವಿಲ್ಲದ ಬೇಸರ ಇವುಗಳಿಂದಲೂ ಬರಬಹುದು. ಮೊದಲು ವೈದ್ಯರು ನೋಡಲಿ. ರೋಗವಿಲ್ಲವೆಂದಾದರೆ ಹಕ್ಕಿಗೆ ಉದ್ಯೋಗವನ್ನು ಕಲ್ಪಿಸಬೇಕು: ಸೀಳಲು ತೆಂಗಿನ ಗರಿ, ಕಡಿಯಲು ಪೇರಲದ ರೆಂಬೆ, ಕಾಗದದ ಪೊಟ್ಟಣದೊಳಗೆ ಬಚ್ಚಿಟ್ಟ ಕಾಳು. ಕಾಡಿನಲ್ಲಿ ಹಗಲಿನ ಬಹುಭಾಗವನ್ನು ಆಹಾರದ ಅರಸುವಿಕೆಯಲ್ಲೇ ಕಳೆಯುವ ಜೀವಿಗೆ ತುಂಬಿದ ಬಟ್ಟಲು ಒಂದು ಶಿಕ್ಷೆಯೇ ಸರಿ. ಬಹುಕಾಲ ಕಿತ್ತ ಜಾಗದಲ್ಲಿ ಗರಿ ಮತ್ತೆ ಮೂಡದಿರಬಹುದು. ಬೋಳಾಗಿಯೇ ನೆಮ್ಮದಿಯಿಂದ ಬಾಳುವ ಹಕ್ಕಿಗಳೂ ಇವೆ.

ಆಹಾರದಲ್ಲಿ ನಮ್ಮವರು ಮಾಡುವ ದೊಡ್ಡ ದೋಷವೆಂದರೆ ಸೂರ್ಯಕಾಂತಿ ಬೀಜವನ್ನೇ ಮೂರು ಹೊತ್ತೂ ಕೊಡುವುದು. ಅದರಲ್ಲಿ ಕೊಬ್ಬು ಹೆಚ್ಚು. ಎ ಜೀವಸತ್ತ್ವ ಮತ್ತು ಸುಣ್ಣದಂಶ ತೀರ ಕಡಿಮೆ. ಬೂದು ಗಿಳಿಗಳಿಗೆ ರಕ್ತದಲ್ಲಿ ಸುಣ್ಣದಂಶ ಇಳಿದು ಸೆಳವು ಬರುವುದುಂಟು. ಅವುಗಳಿಗಾಗಿಯೇ ತಯಾರಿಸಿದ ಪೆಲೆಟ್ ಆಹಾರದೊಡನೆ ಮೊಳಕೆ ಕಟ್ಟಿದ ಹೆಸರುಕಾಳು, ಗಜ್ಜರಿ, ಸಿಹಿಕುಂಬಳ, ನುಗ್ಗೆಸೊಪ್ಪು, ಬೀಜ ತೆಗೆದ ಹಣ್ಣುಗಳು ಒಳ್ಳೆಯವು. ಕೆಂಪು ಮೆಣಸಿನಕಾಯಿಯನ್ನು ಗಿಳಿ ಸುಖವಾಗಿ ತಿನ್ನುವುದನ್ನು ಕಂಡು ಬೆರಗಾಗಬೇಕಿಲ್ಲ; ಅದರ ಉರಿ ಪಕ್ಷಿಗಳಿಗೆ ತಟ್ಟುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಉಪ್ಪು ಕೂಡಿದ ಕುರುಕಲು ತಿಂಡಿ ನಿಷಿದ್ಧ. ಬೂಷ್ಟು ಹಿಡಿದ ಶೇಂಗಾ ವಿಷಕ್ಕೆ ಸಮಾನ. ಆದರೆ ವರ್ಷಗಟ್ಟಲೆ ಬೀಜವನ್ನೇ ತಿಂದ ಹಕ್ಕಿಗೆ ಸೊಪ್ಪು ತರಕಾರಿ ಆಹಾರವೆಂಬುದೇ ಗೊತ್ತಿರುವುದಿಲ್ಲ. ಒಂದೇ ದಿನ ಬೀಜ ನಿಲ್ಲಿಸಿದರೆ ಅದು ಉಪವಾಸ ಬಿದ್ದು ಸಾಯುವುದೂ ಉಂಟು. ವಾರಗಳ ಮೇಲೆ ವಾರ ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಅದರ ಎದುರಿನಲ್ಲಿ ತಾವೂ ಅದೇ ಗಜ್ಜರಿಯನ್ನು ಮೆಲ್ಲುತ್ತ ಆಸೆ ಹುಟ್ಟಿಸಬೇಕು.

ಹಕ್ಕಿಯ ಶ್ವಾಸಾಂಗವು ಮನುಷ್ಯನದಕ್ಕಿಂತ ಬಹಳ ಸಮರ್ಥವಾದುದು. ಶ್ವಾಸಕೋಶದೊಡನೆ ಗಾಳಿಚೀಲಗಳೂ ಇರುವುದರಿಂದ ಗಾಳಿಯಲ್ಲಿರುವ ವಿಷವನ್ನೂ ಅದು ಅಷ್ಟೇ ಸಮರ್ಥವಾಗಿ ಹೀರುತ್ತದೆ. ಒಲೆಯ ಮೇಲೆ ಮರೆತು ಕಾದುಹೋದ ನಾನ್‌ಸ್ಟಿಕ್ ಬಾಣಲೆಯ ಹೊಗೆಯಿಂದ ಪಕ್ಕದ ಕೋಣೆಯ ಗಿಳಿಯೂ ನಿಮಿಷಗಳಲ್ಲಿ ಸಾಯಬಲ್ಲುದು. ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟು, ಸೊಳ್ಳೆಬತ್ತಿ ಇವೆಲ್ಲವೂ ಅದರಿಂದ ದೂರವಿರಲಿ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆಯ ನಿದ್ರೆ, ಬೆಳಿಗ್ಗೆ ಎಳೆಬಿಸಿಲು, ಕೂರಲು ದಪ್ಪ ಸಣ್ಣ ಬೆರೆತ ಸಹಜ ರೆಂಬೆಗಳು ಅದಕ್ಕೆ ಬೇಕು.

ಬೇರೆ ಪ್ರಾಣಿಗೆ ಆಹಾರವಾಗುವ ಜೀವಿಯಾದ್ದರಿಂದ ಗಿಳಿಯು ರೋಗವನ್ನು ಮುಚ್ಚಿಡುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿತೆಂದರೆ ಕಾಯಿಲೆ ಆಗಲೇ ಬಲಿತಿದೆಯೆಂದರ್ಥ; ಉಸಿರಿನೊಡನೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಮರುದಿನಕ್ಕೆ ಮುಂದೂಡಬಾರದು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ವಾರಕ್ಕೆ ಎರಡು ಬಾರಿ ತೂಗಿ ಬರೆದಿಡುವುದು ಯಾವ ಔಷಧಕ್ಕಿಂತಲೂ ಮೇಲು. ನಾನೂರೈವತ್ತು ಗ್ರಾಂ ತೂಗುವ ಬೂದು ಗಿಳಿಯು ನಲವತ್ತು ಗ್ರಾಂ ಇಳಿದರೆ ಕಣ್ಣಿಗೆ ಕಾಣದು, ತಕ್ಕಡಿಗೆ ಕಾಣುವುದು.

ಸ್ವೀಕರಿಸುವವರು ತಮ್ಮ ವಯಸ್ಸನ್ನೂ ಹಕ್ಕಿಯ ವಯಸ್ಸನ್ನೂ ಕೂಡಿ ಲೆಕ್ಕಹಾಕಬೇಕು. ಅರವತ್ತು ವರ್ಷದವರ ಮನೆಗೆ ಇಪ್ಪತ್ತು ವರ್ಷದ ಬೂದು ಗಿಳಿ ಬಂದರೆ ಅದಕ್ಕೆ ಮೂರನೆಯ ಮನೆಯೊಂದು ಬಹುತೇಕ ಖಂಡಿತವಾಗಿ ಬೇಕಾಗುತ್ತದೆ. ಆ ಮನೆ ಯಾವುದೆಂಬುದನ್ನು ಹಕ್ಕಿ ಬಂದ ವರ್ಷವೇ ನಿಶ್ಚಯಿಸಿ, ಅವರ ಒಪ್ಪಿಗೆ ಪಡೆದು, ಅವರು ಆಗಾಗ ಬಂದು ಕೈಯಾರೆ ಹಣ್ಣು ಕೊಟ್ಟು ಹೋಗುವಂತೆ ಮಾಡಬೇಕು. ಮೊದಲ ಮನೆಯವರು ಹೇಳಿ ಬರೆಸಿದ ಸಂಗತಿಗಳು, ತೂಕದ ಲೆಕ್ಕ, ವೈದ್ಯರ ಚೀಟಿಗಳು, ಹಕ್ಕಿಯು ಕರೆಯುವ ಹೆಸರುಗಳು ಮತ್ತು ಅವಕ್ಕೆ ಹೇಳಬೇಕಾದ ಮರುಮಾತುಗಳು ಇವೆಲ್ಲ ಒಂದೇ ಪುಸ್ತಕದಲ್ಲಿದ್ದು, ಆ ಪುಸ್ತಕವು ನೋಂದಣಿಯ ಕಾಗದದೊಡನೆ ಪಂಜರದ ಹತ್ತಿರವೇ ಇರತಕ್ಕುದು.