ಹಲ್ಲು ಬಿಳುಪಿನ ಯಂತ್ರ: ಮಾರುವವನನ್ನು ಅಳೆಯುವುದು ಹೇಗೆ?

ಕಾಸರಗೋಡು: ಮದುವೆ ನಿಶ್ಚಯವಾದ ಕೂಡಲೇ ಬಟ್ಟೆ, ಒಡವೆ, ಫೋಟೋದವರ ಪಟ್ಟಿಗೆ ಈಗ ಹಲ್ಲಿನ ಡಾಕ್ಟರರೂ ಸೇರಿಕೊಂಡಿದ್ದಾರೆ. ಹಲ್ಲು ಬೆಳ್ಳಗೆ ಮಾಡುವ ಚಿಕಿತ್ಸೆ ಮಹಾನಗರ ಬಿಟ್ಟು ತಾಲೂಕು ಪೇಟೆಗೂ ಬಂದಿದೆ. ಅದರ ಬೆನ್ನಿಗೇ ಯಂತ್ರ ಮಾರುವವರೂ ಬಂದಿದ್ದಾರೆ. ಮಂಗಳೂರು, ದೇರಳಕಟ್ಟೆ, ಸುಳ್ಯದ ಕಾಲೇಜುಗಳಲ್ಲಿ ಓದಿ ಊರಿಗೆ ಮರಳಿ ಕ್ಲಿನಿಕ್ ತೆರೆಯುವ ಯುವ ದಂತವೈದ್ಯರೇ ಇವರ ಮೊದಲ ಗಿರಾಕಿಗಳು. ಯಂತ್ರಕ್ಕೆ ಬ್ಯಾಂಕ್ ಸಾಲ, ಸಾಲಕ್ಕೆ ತಂದೆಯದೋ ಮಾವನದೋ ಜಾಮೀನು. ಆದ್ದರಿಂದ ಇದು ಡಾಕ್ಟರರು ಮಾತ್ರ ತಿಳಿಯಬೇಕಾದ ವಿಷಯವಲ್ಲ. ಜಾಮೀನಿಗೆ ಸಹಿ ಹಾಕುವವರೂ, ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರೂ ತಿಳಿದಿರುವುದು ಒಳ್ಳೆಯದು.

ಬಿಳುಪು ಮಾಡುವುದು ದೀಪವಲ್ಲ

ಜಾಹೀರಾತಿನಲ್ಲಿ ಎದ್ದು ಕಾಣುವುದು ನೀಲಿ ಬೆಳಕು ಬೀರುವ ದೀಪ. ಆದರೆ ಹಲ್ಲಿನ ಬಣ್ಣ ತೆಗೆಯುವುದು ಹಲ್ಲಿಗೆ ಹಚ್ಚುವ ಜೆಲ್. ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಹಲ್ಲಿನ ಹೊರಕವಚ ದಾಟಿ ಒಳಗಿನ ಪದರಕ್ಕೆ ಇಳಿದು, ಬಣ್ಣದ ಕಣಗಳನ್ನು ಒಡೆದು ಬಣ್ಣವಿಲ್ಲದವನ್ನಾಗಿ ಮಾಡುತ್ತದೆ. ಬೆಳಕು ಹಾಯಿಸಿದವರಿಗೂ ಹಾಯಿಸದವರಿಗೂ ಕೊನೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ ಎಂದು ಅನೇಕ ಅಧ್ಯಯನಗಳು ಹೇಳಿವೆ. ದೀಪವೇ ಇಲ್ಲದೆ, ಹಲ್ಲಿನ ಅಚ್ಚಿಗೆ ಸರಿಯಾದ ತೆಳು ಟ್ರೇಯಲ್ಲಿ ಶೇಕಡಾ 10ರ ಜೆಲ್ ಹಾಕಿ ರಾತ್ರಿ ಧರಿಸುವ ವಿಧಾನವನ್ನು ಅಮೆರಿಕದ ಇಬ್ಬರು ದಂತವೈದ್ಯರು 1989ರಲ್ಲೇ ಪ್ರಕಟಿಸಿದ್ದರು. ಇಂದಿಗೂ ಅದು ನಂಬಿಕೆಯ ವಿಧಾನ.

ಹಾಗಾಗಿ ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ ದೀಪದ ಬಗ್ಗೆ ಅಲ್ಲ. 'ಜೆಲ್ ಯಾರು ತಯಾರಿಸುತ್ತಾರೆ? ಮುಂದಿನ ವರ್ಷವೂ ತಾಜಾ ಮಾಲು ಸಿಗುತ್ತದೆಯೇ?' ಎಂದು ಕೇಳಿ. ಕೆಲವು ಯಂತ್ರಗಳು ಅದೇ ಕಂಪೆನಿಯ ಕಿಟ್‌ ಹಾಕಿದರೆ ಮಾತ್ರ ಓಡುತ್ತವೆ. ಯಂತ್ರ ಅಗ್ಗವಾಗಿ ಸಿಕ್ಕಿ ಕಿಟ್ ದುಬಾರಿಯಾದರೆ ಲೆಕ್ಕ ತಲೆಕೆಳಗಾಗುತ್ತದೆ. ಒಬ್ಬ ರೋಗಿಗೆ ತಗಲುವ ಜೆಲ್‌ನ ಖರ್ಚನ್ನು ಬರಹದಲ್ಲಿ ಪಡೆಯಿರಿ.

ಡೆಮೊ ನೋಡಿ ಮರುಳಾಗಬೇಡಿ

ಮಾರಾಟಗಾರರು ಕ್ಲಿನಿಕ್ಕಿಗೇ ಬಂದು ಒಬ್ಬರ ಹಲ್ಲು ಬೆಳ್ಳಗೆ ಮಾಡಿ ತೋರಿಸುವುದುಂಟು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಾಯಿ ತೆರೆದಿಟ್ಟಾಗ ಹಲ್ಲಿನ ತೇವ ಆರುತ್ತದೆ. ತೇವ ಆರಿದ ಹಲ್ಲು ತಾನಾಗಿಯೇ ಹೆಚ್ಚು ಬಿಳಿ ಕಾಣುತ್ತದೆ. ಎಂಜಲು ತಾಗಿ ಒಂದೆರಡು ದಿನವಾದಾಗ ಆ ಬಿಳುಪಿನ ಒಂದು ಪಾಲು ಇಳಿಯುತ್ತದೆ. ಆದ್ದರಿಂದ ಬಣ್ಣದ ಮಾದರಿ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ಮೊದಲು ಒಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಒಂದು ವಾರ ಕಾಯಲು ಒಪ್ಪದೆ, 'ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ' ಎನ್ನುವವನಿಂದ ದೂರವಿರುವುದೇ ಲೇಸು.

'ಶೇಕಡಾ 35' ಅಂದರೆ ಎಷ್ಟು?

ಜೆಲ್‌ನ ಬಲವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲೊಂದು ಗೊಂದಲವಿದೆ. ಹೈಡ್ರೋಜನ್ ಪೆರಾಕ್ಸೈಡ್ ಬೇರೆ, ಕಾರ್ಬಮೈಡ್ ಪೆರಾಕ್ಸೈಡ್ ಬೇರೆ. ಶೇಕಡಾ 10ರ ಕಾರ್ಬಮೈಡ್‌ನಿಂದ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇಕಡಾ 3.5 ಮಾತ್ರ. ಅದೇ ರೀತಿ ಶೇಕಡಾ 35ರ ಕಾರ್ಬಮೈಡ್ ಎಂದರೆ ಸುಮಾರು 12. ನಿಜವಾಗಿ ಶೇಕಡಾ 35ರ ಹೈಡ್ರೋಜನ್ ಪೆರಾಕ್ಸೈಡ್ ಒಸಡಿಗೆ ತಾಗಿದರೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಅದಕ್ಕೇ ಮೊದಲು ಒಸಡಿಗೆ ರಕ್ಷಣೆಯ ಲೇಪ ಹಾಕುತ್ತಾರೆ. ಡಬ್ಬಿಯ ಮೇಲೆ ಯಾವುದರ ಶೇಕಡಾ ಎಂದು ಬರೆಯದೆ ಬರೀ ಸಂಖ್ಯೆ ಹಾಕಿದ ಮಾಲನ್ನು ಮುಟ್ಟಬೇಡಿ. ಯುರೋಪಿನಲ್ಲಿ 2011ರ ನಿಯಮದ ಪ್ರಕಾರ ಅಂಗಡಿಯಲ್ಲಿ ಮಾರುವ ಬಿಳುಪಿನ ವಸ್ತುವಿನಲ್ಲಿ ಶೇಕಡಾ 0.1ಕ್ಕಿಂತ ಹೆಚ್ಚು ಇರುವಂತಿಲ್ಲ. ಅಲ್ಲಿಂದ ಶೇಕಡಾ 6ರವರೆಗಿನದು ದಂತವೈದ್ಯರ ಕೈಗೆ ಮಾತ್ರ. 18 ವರ್ಷ ತುಂಬದವರಿಗೆ ಅದು ಕೂಡದು.

ಬಿಸಿಲಿನಲ್ಲಿ ಬಂದ ಪಾರ್ಸೆಲ್

ಪೆರಾಕ್ಸೈಡ್ ಬಿಸಿಗೆ ಕೆಡುತ್ತದೆ. ಬಲವಾದ ಜೆಲ್‌ಗಳನ್ನು ಸಾಮಾನ್ಯವಾಗಿ ಫ್ರಿಜ್ಜಿನಲ್ಲಿಡಲು ಹೇಳಿರುತ್ತಾರೆ. ಬೇಸಿಗೆಯಲ್ಲಿ ಸೊಲ್ಲಾಪುರ, ಜತ್ತ, ಆದೋನಿ ಕಡೆ 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ಬಸ್ಸಿನ ಪಾರ್ಸೆಲ್‌ನಲ್ಲಿ ಎರಡು ದಿನ ಅಲೆದು ಬಂದ ಜೆಲ್ ಹಲ್ಲಿನ ಮೇಲೆ ಕೆಲಸ ಮಾಡದೆ ಹೋಗಬಹುದು. ಆಗ ಬೈಗುಳ ಡಾಕ್ಟರರಿಗೆ. ಮಂಜಿನ ಪೊಟ್ಟಣ ಇಟ್ಟು ಕಳಿಸುತ್ತಾರೆಯೇ, ಅವಧಿ ಮುಗಿಯಲು ಕನಿಷ್ಠ ಎಷ್ಟು ತಿಂಗಳಿರುವ ಮಾಲು ಕೊಡುತ್ತಾರೆ, ಕೆಟ್ಟರೆ ಬದಲಿಸುತ್ತಾರೆಯೇ ಎಂದು ಮೊದಲೇ ಕೇಳಿ.

ಕಾಗದಪತ್ರ ಕೇಳಲು ನಾಚಿಕೆ ಬೇಡ

ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಜಾರಿಯಲ್ಲಿದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದವು. ಹೊರದೇಶದ ಸಾಧನವಾದರೆ ಎಂಡಿ-15 ನಮೂನೆಯ ಆಮದು ಪರವಾನಗಿ, ಇಲ್ಲಿ ತಯಾರಾದ ಎ ಅಥವಾ ಬಿ ವರ್ಗದ್ದಾದರೆ ಎಂಡಿ-5 ಪರವಾನಗಿ ಇರಬೇಕು. ಅತಿ ಕಡಿಮೆ ಅಪಾಯದ ಕೆಲವಕ್ಕೆ ಬರೀ ನೋಂದಣಿ ಸಾಕು. ಯಂತ್ರ ಯಾವ ವರ್ಗದ್ದು, ಸಂಖ್ಯೆ ಏನು ಎಂದು ಮಾರುವವನೇ ಬರೆದುಕೊಡಬೇಕು. ಅವನ ಬಳಿಯೂ ಎಂಡಿ-42 ನೋಂದಣಿಯೋ ಔಷಧ ಮಾರಾಟದ ಪರವಾನಗಿಯೋ ಇರಬೇಕು.

ಗೋಡೆಯಲ್ಲಿ ತೂಗುಹಾಕಿದ 'ಅಮೆರಿಕದ ಎಫ್‌ಡಿಎ ಪ್ರಮಾಣಪತ್ರ' ನೋಡಿ ನಂಬಬೇಡಿ. ಅಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿದಂತಲ್ಲ. ಆ ಸಂಸ್ಥೆ ನೋಂದಣಿಗೆ ಪ್ರಮಾಣಪತ್ರ ಕೊಡುವುದೂ ಇಲ್ಲ.

ಗಡಿ ದಾಟುವ ಬಿಲ್

ನಾವು ಒಂದು ರಾಜ್ಯದಲ್ಲಿದ್ದು ಇನ್ನೊಂದು ರಾಜ್ಯದ ಪೇಟೆಯಲ್ಲಿ ಕೊಳ್ಳುವವರು. ಬಿಲ್ಲಿನ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕೆ ರಾಜ್ಯವನ್ನು ಹೇಳುತ್ತವೆ: ಕರ್ನಾಟಕ 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಗೋವಾ 30, ತೆಲಂಗಾಣ 36, ಆಂಧ್ರ 37. ಬೆಂಗಳೂರಿನವನೆಂದು ಹೇಳಿಕೊಂಡವನ ಬಿಲ್ಲಿನಲ್ಲಿ ಬೇರೆ ಅಂಕೆ ಇದ್ದರೆ ಕಾರಣ ಕೇಳಿ. ಬಿಲ್ಲಿಲ್ಲದೆ ಕೊಂಡರೆ ವಾರಂಟಿಯೂ ಇಲ್ಲ, ದೂರಿಗೆ ಆಧಾರವೂ ಇಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಗಡಿನಾಡಿನವರಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಕೊಂಡ ಊರಿಗೆ ಅಲೆಯದೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. ಆದರೆ ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಇದು ಅನ್ವಯಿಸದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡದ್ದೆಂದು ತೋರಿಸಬೇಕಾಗುತ್ತದೆ. ಸಹಾಯವಾಣಿ ಸಂಖ್ಯೆ 1915.

ಪಾರ್ಲರ್ ನಡೆಸುವ ಅಕ್ಕಂದಿರಿಗೆ

ಬ್ಯೂಟಿ ಪಾರ್ಲರ್‌ಗಳಿಗೂ ಈ ಯಂತ್ರ ಮಾರುವವರಿದ್ದಾರೆ. 'ಎರಡು ದಿನದ ತರಬೇತಿ ಸಾಕು' ಎನ್ನುತ್ತಾರೆ. 1948ರ ದಂತವೈದ್ಯರ ಕಾಯ್ದೆ ಬಂದಂದಿನಿಂದ ನಮ್ಮಲ್ಲಿ ಹಲ್ಲಿನ ಚಿಕಿತ್ಸೆಗೆ ನೋಂದಾಯಿತ ದಂತವೈದ್ಯರೇ ಬೇಕು. ಸಾಲ ಮಾಡಿ ಯಂತ್ರ ತಂದು, ಯಾರದೋ ಒಸಡು ಸುಟ್ಟರೆ, ಮಾರಿದವನು ಫೋನ್ ಎತ್ತುವುದಿಲ್ಲ. ಗಿರಾಕಿಯ ನೋಂದಣಿ ಸಂಖ್ಯೆ ಕೇಳದೆ ಬಲವಾದ ಜೆಲ್ ಮಾರುವವನು ಡಾಕ್ಟರರಿಗೂ ತಕ್ಕ ಮಾರಾಟಗಾರನಲ್ಲ.

ಯಂತ್ರವೇ ಬೇಡದ ಹಲ್ಲು

ಕೊನೆಯ ಮಾತು ಕುರ್ಚಿಯಲ್ಲಿ ಕೂರುವವರಿಗೆ. ವೀಳ್ಯ, ಅಡಕೆ, ಹೊಗೆಸೊಪ್ಪಿನ ಕೆಂಪು ಕಲೆಯಲ್ಲಿ ಹೆಚ್ಚಿನ ಪಾಲು ಹಲ್ಲಿನ ಮೇಲ್ಮೈಯದು. ಸಾಧಾರಣ ಕ್ಲೀನಿಂಗ್‌ನಿಂದಲೇ ಹೋಗುತ್ತದೆ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಫ್ಲೋರೈಡ್ ನೀರು ಕುಡಿದು ಬಂದ ಕಂದು ಕಲೆ ಬರೀ ಬಿಳುಪಿನ ಜೆಲ್‌ನಿಂದ ಪೂರ್ತಿ ಹೋಗುವುದು ಕಷ್ಟ. ಕೃತಕ ಹಲ್ಲು, ಕ್ಯಾಪ್, ಫಿಲ್ಲಿಂಗ್ ಬೆಳ್ಳಗಾಗುವುದೇ ಇಲ್ಲ. ಇದನ್ನು ಮೊದಲೇ ಹೇಳಿ, ಬೇಡದವರನ್ನು ವಾಪಸು ಕಳಿಸುವ ಡಾಕ್ಟರರು ಸಿಕ್ಕರೆ ಅವರನ್ನು ನಂಬಿ. 'ಈ ಯಂತ್ರ ಎಂಥ ಹಲ್ಲಿಗೆ ಕೆಲಸ ಮಾಡುವುದಿಲ್ಲ?' ಎಂದು ಕೇಳಿದಾಗ ನೇರವಾಗಿ ಉತ್ತರಿಸುವ ಮಾರಾಟಗಾರನಿಗೂ ಅದೇ ಮಾತು.